ಲಾಬ್‌ಸ್ಟರ್ ಎಣಿಸುವ ನಮ್ಮ ಮಾವ

ನನ್ನ ಸೋದರಮಾವ ಕುವೈತಿನಲ್ಲಿ ಹನ್ನೊಂದು ವರ್ಷ ಸುಳ್ಳು ಕೇಳುವ ಕೆಲಸದಲ್ಲಿದ್ದರು. ಉತ್ಪ್ರೇಕ್ಷೆ ಅಂದುಕೊಂಡಿರಾ? ಸ್ವಲ್ಪ ತಾಳಿ, ಮುಂದೆ ಓದಿದರೆ ನೀವೇ ಒಪ್ಪುತ್ತೀರಿ.

ಅಲ್ಲಿನ ಮೀನುಗಾರಿಕೆ ಕಚೇರಿಯೊಂದರಲ್ಲಿ ಅವರಿಗೆ ನೌಕರಿ. ಹೊಟ್ಟೆಪಾಡಿಗೆ ದೋಣಿ ಇಳಿಸುವವರ ಲೆಕ್ಕ ಬೇರೆ ಯಾರದೋ ಸುಪರ್ದಿ. ಮಾವನದು ಮೋಜಿಗೆ ಹಿಡಿಯುವವರ ಲೆಕ್ಕ. ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಸಂಜೆಯವರೆಗೆ, ಇಡೀ ಊರಿಗೆ ರಜೆ ಇರುವಾಗ, ಸಾಲ್ಮಿಯಾದ ಕಡಲ ದಂಡೆಗೆ ಗಾಳ, ಬಲೆ, ತಂತಿಯ ಬುಟ್ಟಿ ಹಿಡಿದುಕೊಂಡು ಜನ ಬರುತ್ತಿದ್ದರು. ಅವರು ಹಿಡಿದದ್ದು ಮಾರುಕಟ್ಟೆಗೆ ಹೋಗದೆ ನೇರ ಬಾಣಲೆಗೆ ಹೋಗುವುದರಿಂದ ಸಮುದ್ರದಿಂದ ಎಷ್ಟು ಖಾಲಿಯಾಯಿತೆಂದು ಸರ್ಕಾರಕ್ಕೆ ತಿಳಿಯುತ್ತಿರಲಿಲ್ಲ. ಅದರಲ್ಲೂ ಲಾಬ್‌ಸ್ಟರ್ ವಿಷಯದಲ್ಲಿ ಕಚೇರಿಗೆ ಭಾರೀ ಆತಂಕ. ಬಂಡೆಗಳ ಸಂದಿಯಲ್ಲಿ ಅಡಗಿಕೊಳ್ಳುವ ಆ ಚಪ್ಪಟೆ ಪ್ರಾಣಿಗೆ ಅಲ್ಲಿಯವರು ಇಟ್ಟ ಹೆಸರು ‘ಸಿಗಡಿಯ ತಾಯಿ’. ಆ ತಾಯಂದಿರನ್ನು ಎಣಿಸುವವರು ನಮ್ಮ ಮಾವ.

ಮೀನು ಹಿಡಿಯುವ ಗಂಡಸು ನಿಜ ಹೇಳಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಗೆಳೆಯರ ಮುಂದೆ ಅಂಗೈಯಷ್ಟಿದ್ದದ್ದು ಮೊಳವಾಗುತ್ತದೆ. ಸರ್ಕಾರದ ಫಾರಂ ಮುಂದೆ ಮೊಳವಿದ್ದದ್ದು ಅಂಗೈಯಾಗುತ್ತದೆ. ಈ ಎರಡು ಸುಳ್ಳುಗಳ ನಡುವೆ ಮಾವ ಕ್ಯಾನ್ವಾಸ್ ಟೊಪ್ಪಿ ಹಾಕಿಕೊಂಡು, ಫಾರಂ ಸಿಕ್ಕಿಸಿದ ಹಲಗೆಯನ್ನು ಎದೆಗೆ ಒತ್ತಿಕೊಂಡು ನಿಂತಿರುತ್ತಿದ್ದರು.

ಇದನ್ನೆಲ್ಲ ಬರೆಯುವುದಕ್ಕೆ ಕಾರಣವೂ ಉಂಟು. ಯುದ್ಧ ಮುಗಿದು, ತೊಂಬತ್ತೊಂದರ ಕೊನೆಗೆ ನಾನೂ ನನ್ನ ಗಂಡನೂ ಕೈಗೂಸಿನೊಡನೆ ಕುವೈತಿಗೆ ಮರಳಿದೆವು. ಮಾವ ಬರಲಿಲ್ಲ. ಕಚೇರಿಯಿಂದ ಅವರಿಗೆ ಕರೆ ಬಂದಿತ್ತು, ಆದರೂ ಬರಲಿಲ್ಲ. ದಂಡೆಯಲ್ಲಿ ಈಗ ಮುಳ್ಳುತಂತಿ ಇದೆ, ಮೈನ್ ಇದೆ ಎಂಬ ಕೆಂಪು ಫಲಕಗಳಿವೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಬಡಿದು, ನನ್ನ ಅಡುಗೆಮನೆಗೆ ನುಗ್ಗಿ, ನನ್ನ ತಾಳ್ಮೆ ಕೆಡಿಸುವವರು ಯಾರೂ ಇಲ್ಲ. ಅವರಿದ್ದಾಗ ಯಾವಾಗ ತೊಲಗುತ್ತಾರೋ ಅನ್ನಿಸುತ್ತಿತ್ತು. ಈಗ ಶುಕ್ರವಾರ ಬಂತೆಂದರೆ ಬಾಗಿಲ ಕಡೆಗೇ ಕಿವಿ ಹೋಗುತ್ತದೆ.

ಮಾವನ ಮೊದಲ ತೊಂದರೆ ಏನೆಂದರೆ, ಅವರ ಕೆಲಸವೇ ಅವರಿಗೆ ನಿಷಿದ್ಧ. ನಮ್ಮದು ಮಲ್ಪೆಯ ಪಕ್ಕದ ಮನೆ. ಅಜ್ಜ ದೋಣಿಯಲ್ಲೇ ಬದುಕಿದವರು. ಹೊರಟವರನ್ನು ಎಲ್ಲಿಗೆಂದು ಕೇಳುವಂತಿಲ್ಲ, ಅಪಶಕುನ. ಬಂದವರನ್ನು ಎಷ್ಟು ಸಿಕ್ಕಿತೆಂದು ಕೇಳುವುದು ಅದಕ್ಕಿಂತ ದೊಡ್ಡ ಪಾಪ. ಕೇಳಿದರೆ ಮರುದಿನ ಬಲೆ ಖಾಲಿ ಎಂದು ನಂಬಿಕೆ. ಚಿಕ್ಕವರಿದ್ದಾಗ ಒಮ್ಮೆ ಮಾವ ಬಾಯಿತಪ್ಪಿ ‘ಎಷ್ಟು’ ಅಂದದ್ದಕ್ಕೆ ಅಜ್ಜ ಹುಟ್ಟು ಎತ್ತಿಕೊಂಡು ಅಟ್ಟಿಸಿಕೊಂಡು ಹೋಗಿದ್ದರಂತೆ. ಅಂಥವರಿಗೆ ಸಿಕ್ಕಿದ ಉದ್ಯೋಗ ನೋಡಿ: ದಿನವಿಡೀ ಎಷ್ಟು, ಎಷ್ಟು ಎಂದು ಕೇಳುವುದು!

ಹಾಗಂತ ಮಾವ ಕೇಳುತ್ತಿದ್ದರೇ? ಪ್ರಾಣ ಹೋದರೂ ಇಲ್ಲ. ಅವರು ಬೇರೆಯೇ ದಾರಿ ಹಿಡಿದಿದ್ದರು. ಬಕೆಟ್ ಹಿಡಿದು ಬಂದವನ ಹತ್ತಿರ ಹೋಗಿ ಸಲಾಂ ಹೇಳಿ, ಅರಬ್ಬಿ ಹಿಂದಿ ಎಲ್ಲ ಕಲಸಿ, “ಅಲ್‌ಯೌಮ್ ಬೈತ್ ಮೇ ಕಿತ್ನಾ ನಫರ್?” ಅನ್ನುತ್ತಿದ್ದರು. ಇವತ್ತು ಮನೆಯಲ್ಲಿ ಊಟಕ್ಕೆ ಎಷ್ಟು ಜನ ಎಂದು. ಅವನು ಒಂಬತ್ತು ಅಂದರೆ ಅವನ ನಗೆಯನ್ನೂ ಬಕೆಟ್ ಹಿಡಿದ ಭುಜ ಎಷ್ಟು ವಾಲಿದೆ ಎಂಬುದನ್ನೂ ನೋಡಿ ಮಾವ ಒಂದು ಸಂಖ್ಯೆ ಬರೆಯುತ್ತಿದ್ದರು. ಮೀನಿನ ವಿಷಯದಲ್ಲಿ ಸುಳ್ಳು ಹೇಳುವವನು ಮನೆಮಂದಿಯ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಬಹಳ ಮಂದಿ, ಪಾಪ ಈ ಮನುಷ್ಯನಿಗೆ ಹಸಿವು ಎಂದುಕೊಂಡು ಊಟಕ್ಕೇ ಕರೆದುಬಿಡುತ್ತಿದ್ದರು. ಒಂದು ಶುಕ್ರವಾರ ಮೂರು ಮನೆಗಳಲ್ಲಿ ಬಿರಿಯಾನಿ ತಿಂದು, ನಾಲ್ಕನೆಯದನ್ನು ಪೊಟ್ಟಣ ಕಟ್ಟಿಸಿಕೊಂಡು ನಮ್ಮ ಮನೆಗೆ ಬಂದು ಮಲಗಿದವರು ಮರುದಿನವೇ ಎದ್ದದ್ದು.

ಅವರ ಮುದೀರ್, ಅಂದರೆ ಮೇಲಧಿಕಾರಿ, ಒಬ್ಬ ಈಜಿಪ್ಟಿನ ಪಂಡಿತ. ಫಾರಂಗಳ ಅಂಚಿನಲ್ಲಿ ‘ಮನೆಯಲ್ಲಿ ಒಂಬತ್ತು, ಅಜ್ಜಿಗೆ ಹಲ್ಲಿಲ್ಲ’ ಎಂಬಂಥ ಟಿಪ್ಪಣಿ ಕಂಡು ಆತ ಕೆಂಡಾಮಂಡಲವಾದ. ನೇರವಾಗಿ ಕೇಳಲು ಬಾರದವನಿಗೆ ನೌಕರಿ ಯಾಕೆ, ನಾನೇ ಕೇಳಿ ತೋರಿಸುತ್ತೇನೆ ಎಂದು ಮುಂದಿನ ಶುಕ್ರವಾರ ತಾನೇ ಕೋಟು ಹಾಕಿಕೊಂಡು ದಂಡೆಗೆ ಬಂದ. ಬಂದವರನ್ನೆಲ್ಲ ತಡೆದು ಎಷ್ಟು ಲಾಬ್‌ಸ್ಟರ್ ಎಂದು ಗದರಿಸಿದ. ಎಲ್ಲರೂ ‘ಎರಡು’ ಅಂದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲಂ ತುಂಬ ಎರಡು, ಎರಡು, ಎರಡು. ಆ ದಿನ ಕುವೈತಿನ ಲಾಬ್‌ಸ್ಟರ್‌ಗಳೆಲ್ಲ ಜೋಡಿ ಜೋಡಿಯಾಗಿಯೇ ತಿರುಗಾಟಕ್ಕೆ ಹೊರಟಿದ್ದವು ಅಂತ ಕಾಣುತ್ತದೆ! ಆಮೇಲೆ ಮುದೀರ್ ಮಾವನ ತಂಟೆಗೆ ಬರಲಿಲ್ಲ. ಅಜ್ಜಿಯ ಹಲ್ಲಿನ ವಿವರ ಮಾತ್ರ ಬೇಡ ಎಂದು ಕೇಳಿಕೊಂಡನಂತೆ.

ಎರಡನೆಯ ತೊಂದರೆ ಅವರದಲ್ಲ, ನನ್ನದು. ಲಾಬ್‌ಸ್ಟರ್ ಬೆನ್ನಿನ ಉದ್ದ ಅಳೆಯಲು ಕಚೇರಿಯವರು ಒಂದು ಹಿತ್ತಾಳೆಯ ಅಳತೆ ಇಕ್ಕುಳ ಕೊಟ್ಟಿದ್ದರು. ಚಿಕ್ಕದನ್ನು ಹಿಡಿದಿದ್ದರೆ ನೀರಿಗೆ ಬಿಡಬೇಕು. ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣಾದರೆ ಒಂದು ನಿಮಿಷವೂ ತಡಮಾಡದೆ ಬಿಡಬೇಕು. ಈ ಇಕ್ಕುಳ ಮಾವನ ಜೇಬಿನಲ್ಲೇ ನಮ್ಮ ಮನೆಗೂ ಬರುತ್ತಿತ್ತು. ನಾನು ಸಿಗಡಿ ಸುಲಿಯಲು ಕೂತರೆ ಎದುರು ಬಂದು ಕೂತು ಒಂದೊಂದನ್ನೇ ಅಳೆಯುವುದು.

“ಇದು ಎಂಥ ತಂದದ್ದು ಮಾರಾಯ್ತಿ? ಇದಕ್ಕೆ ಇನ್ನೂ ಅಂಗನವಾಡಿಗೆ ಹೋಗುವ ಪ್ರಾಯ.”

“ಸತ್ತಿದೆ ಮಾವ. ಇನ್ನು ಅದನ್ನು ಯಾವ ಶಾಲೆಗೆ ಸೇರಿಸುವುದು?”

“ಸತ್ತದ್ದು ಗೊತ್ತುಂಟು. ಆದರೂ ತಿನ್ನುವಾಗ ಸ್ವಲ್ಪ ಬೇಸರ ಮಾಡಿಕೊಂಡು ತಿನ್ನಬೇಕು.”

ಹಾಗೆ ಹೇಳಿ ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದವರು ಅವರೇ. ಬೇಸರ ಎಷ್ಟು ಮಾಡಿಕೊಂಡರೋ ನನಗೆ ಕಾಣಲಿಲ್ಲ.

ನನ್ನ ಗಂಡನನ್ನೂ ಅವರು ಬಿಡಲಿಲ್ಲ. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನೀಷಿಯನ್ ಆಗಿದ್ದ ಇವರಿಗೆ ಗಾಳದ ಹುಚ್ಚು ಹತ್ತಿತ್ತು. ನಾಲ್ಕು ಶುಕ್ರವಾರ ಬರಿಗೈಯಲ್ಲಿ ಬಂದವರು ಐದನೆಯ ವಾರ ದೊಡ್ಡದೊಂದು ಹಮ್ಮೂರ್ ಮೀನು ಎತ್ತಿಕೊಂಡು, ಎದೆ ಉಬ್ಬಿಸಿಕೊಂಡು ಬಂದರು. ಮಾವ ಫಾರಂ ತೆಗೆದರು. ಮೀನಿನ ಕಿವಿರು ಎತ್ತಿ ನೋಡಿದರು.

“ಇವತ್ತು ಸಮುದ್ರದಲ್ಲಿ ಚಳಿ ಜಾಸ್ತಿಯಾ ಅಳಿಯಂದಿರೇ?”

“ಇಲ್ಲವಲ್ಲ, ಯಾಕೆ?”

“ಕಿವಿರಿನಲ್ಲಿ ಐಸ್ ಉಂಟು.”

ಫಾರಂನಲ್ಲಿ ಸೊನ್ನೆ ಬರೆದು, ಇವರ ಸಹಿ ಹಾಕಿಸಿಕೊಂಡೇ ಊಟಕ್ಕೆ ಕೂತರು.

ಅಂದು ಊಟವಾದ ಮೇಲೆ ನಾನು ತಮಾಷೆಗೆ ಕೇಳಿದೆ, ಏನೂ ಸಿಗದಿದ್ದರೂ ಈ ಗಂಡಸರು ವಾರ ವಾರ ಯಾಕೆ ಹೋಗಿ ಕೂರುತ್ತಾರೆ ಮಾವ ಎಂದು. ಅವರು ತಮಾಷೆ ಮಾಡಲಿಲ್ಲ. “ಮೀನಿಗೆ ಯಾರು ಬರ್ತಾರೆ? ಅಲ್ಲಿ ಕೂತರೆ ಊರಿನ ಕಡೆ ಮುಖ ಮಾಡಿ ಕೂತ ಹಾಗೆ ಆಗ್ತದೆ. ಈ ನೀರೇ ತಿರುಗಿ ತಿರುಗಿ ಮಲ್ಪೆಗೆ ಹೋಗುವುದಲ್ಲವಾ? ಬರಿದೇ ಸಮುದ್ರ ನೋಡಿಕೊಂಡು ಕೂತರೆ ತಲೆಕೆಟ್ಟವ ಅಂತಾರೆ. ಕೈಯಲ್ಲೊಂದು ಗಾಳ ಇದ್ದರೆ ಯಾರೂ ಕೇಳುವುದಿಲ್ಲ” ಅಂದರು. ನನಗೂ ಅಮ್ಮನ ನೆನಪಾಯಿತು. ಪಾತ್ರೆ ತೊಳೆಯುವ ನೆಪದಲ್ಲಿ ಎದ್ದುಹೋದೆ.

ಊರಿನಲ್ಲಿ ಮಾವನಿಗೆ ಕಾಯುತ್ತಿದ್ದವರು ಅತ್ತೆ. ಮದುವೆಯಾದ ತಿಂಗಳಿಗೇ ಮಾವ ಕುವೈತಿಗೆ ಬಂದವರು. ಎರಡು ವರ್ಷಕ್ಕೊಮ್ಮೆ, ಎರಡು ತಿಂಗಳ ರಜೆ. ಮಕ್ಕಳಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಇಬ್ಬರೂ ಒಂದು ಮಾಡಿನ ಕೆಳಗಿದ್ದದ್ದು ಹೆಚ್ಚೆಂದರೆ ಒಂದು ವರ್ಷವಿರಬಹುದು. ಹೆಂಡತಿಯನ್ನು ಕರೆಸಿಕೊಳ್ಳಲು ಮಾವ ಅರ್ಜಿ ಹಾಕುತ್ತಲೇ ಇದ್ದರು, ಅದು ತಿರುಗಿ ಬರುತ್ತಲೇ ಇತ್ತು. ಕೊನೆಗೆ ತೊಂಬತ್ತರ ಬೇಸಿಗೆಯಲ್ಲಿ ಅವರ ಕಫೀಲ್, ಅಂದರೆ ಜಾಮೀನು ನಿಂತ ಕುವೈತಿ, ಸಹಿ ಹಾಕಿದ, ವೀಸಾ ಆಯಿತು. ಮಾವ ಆ ವರ್ಷದ ರಜೆಯನ್ನೂ ಬಿಟ್ಟುಕೊಟ್ಟು ಆ ವೀಸಾಕ್ಕಾಗಿ ಓಡಾಡಿದ್ದರು. ಅಂದರೆ ಹೆಂಡತಿಯ ಮುಖ ನೋಡಿ ಎರಡು ವರ್ಷ ದಾಟಿತ್ತು. ಅತ್ತೆ ಜುಲೈ ಕೊನೆಗೆ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಆಗಸ್ಟ್ ಮೊದಲ ಶನಿವಾರದ ವಿಮಾನ ಹತ್ತುವುದೆಂದು ನಿಶ್ಚಯವಾಯಿತು.

ಮಾವ ರುಮೈಥಿಯಾದಲ್ಲಿ ಒಂದು ಪುಟ್ಟ ಮನೆ ಹಿಡಿದರು. ಆ ಜುಲೈಯಲ್ಲಿ ಅವರ ಉಪದ್ರವ ಹೇಳತೀರದು. ಪರದೆಯ ಬಣ್ಣಕ್ಕೆ ನಾನು, ಕುಚ್ಚಲಕ್ಕಿಗೆ ನಾನು, ದೇವರ ಪಟ ಯಾವ ಗೋಡೆಗೆ ಎನ್ನುವುದಕ್ಕೂ ನಾನು. ಒಂದು ದಿನ ಅಡುಗೆಮನೆಯ ಕಟ್ಟೆ ಎತ್ತರವಾಯಿತೋ ತಗ್ಗಾಯಿತೋ ಎಂದು ಪೇಚಾಡುತ್ತ ನಮ್ಮ ಮನೆಗೆ ಬಂದರು. ಕೈಯಲ್ಲಿ ಅಳತೆ ಟೇಪು.

“ನೀನು ಸ್ವಲ್ಪ ನಿಲ್ಲು ನೋಡುವ. ನಿನ್ನ ಅತ್ತೆ ನಿನ್ನ ಭುಜಕ್ಕೆ ಬರ್ತಾಳಾ, ಕಿವಿಗೆ ಬರ್ತಾಳಾ?”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕುವೈತಿನ ಲಾಬ್‌ಸ್ಟರ್‌ಗಳ ಬೆನ್ನನ್ನೆಲ್ಲ ಕೂದಲೆಳೆಯಷ್ಟು ತಪ್ಪದೆ ಅಳೆದ ಮಹಾಶಯರಿಗೆ ಸ್ವಂತ ಹೆಂಡತಿಯ ಎತ್ತರ ಗೊತ್ತಿಲ್ಲ! ನಗು ಮುಗಿದು ನೋಡಿದರೆ ಮಾವ ಟೇಪು ಹಿಡಿದುಕೊಂಡು ಹಾಗೇ ನಿಂತಿದ್ದಾರೆ. ನಗುತ್ತಿಲ್ಲ. “ಅಂದಾಜು ಉಂಟು” ಅಂದರು, “ಆದರೆ ಸರಿ ನೆನಪಾಗುವುದಿಲ್ಲ.” ನನಗೆ ನಾಚಿಕೆಯಾಯಿತು. ಕಿವಿಗೆ ಬರುತ್ತಾರೆ ಮಾವ ಎಂದು ಹೇಳಿ, ಗೋಡೆಗೆ ಒರಗಿ ನಿಂತುಕೊಂಡೆ.

ಆಗಸ್ಟ್ ಎರಡು, ಗುರುವಾರ. ಬೆಳಿಗ್ಗೆ ಎದ್ದರೆ ರಸ್ತೆಯಲ್ಲಿ ಇರಾಕಿನ ಟ್ಯಾಂಕು. ಅದನ್ನೆಲ್ಲ ನೀವು ಪತ್ರಿಕೆಯಲ್ಲಿ ಓದಿದ್ದೀರಿ. ನಮ್ಮ ಮನೆಯಲ್ಲಿ ಅದು ಬಂದದ್ದು ಮಾವನ ರೂಪದಲ್ಲಿ. ರುಮೈಥಿಯಾದಿಂದ ನಡೆದುಕೊಂಡೇ ಬಂದು ಸೋಫಾದ ತುದಿಯಲ್ಲಿ ಕೂತು, “ಅವಳು ಊರಿನಿಂದ ಮಂಗಳವಾರವೇ ಹೊರಟಾಯ್ತು” ಅಂದರು. ಅಷ್ಟೇ. ಟೆಲಿಫೋನ್ ಸತ್ತಿತ್ತು. ಅತ್ತೆ ಬೊಂಬಾಯಿಯಲ್ಲಿದ್ದಾರೋ, ವಾಪಸ್ ಹೋದರೋ, ಒಂದಕ್ಷರ ಹಿಂದಿ ಬಾರದ ಹೆಂಗಸು ಯಾವ ವಿಮಾನ ನಿಲ್ದಾಣದಲ್ಲಿ ಕೂತಿದ್ದಾರೋ, ತಿಳಿಯುವ ದಾರಿಯೇ ಇರಲಿಲ್ಲ.

ಕಚೇರಿಗೆ ಬೀಗ ಬಿತ್ತು. ಆದರೂ ಶುಕ್ರವಾರ ಬಂದರೆ ಮಾವ ಹಲಗೆ ಎತ್ತಿಕೊಂಡು ದಂಡೆಗೆ. ಬೈದು ಬೈದು ನನ್ನ ಬಾಯಿ ಒಣಗಿತು. ಎರಡನೆಯ ಶುಕ್ರವಾರ ಬೇಗನೆ ಹಿಂದೆ ಬಂದು, ಹಲಗೆಯನ್ನು ಗೋಡೆಗೆ ಒರಗಿಸಿ, ನೀರು ಕುಡಿದರು.

“ಖಲಾಸ್. ನನ್ನ ಕೆಲಸ ಮುಗಿಯಿತು.”

“ಯಾಕೆ, ಸೈನಿಕರು ಓಡಿಸಿದರಾ?”

“ಇಲ್ಲ. ಜನ ಬೇಕಾದಷ್ಟು ಇದ್ದಾರೆ, ಹಿಂದೆಂದೂ ಇಷ್ಟು ಇರಲಿಲ್ಲ. ಹಸಿದ ಬಂಗಾಳಿಗಳು, ನಮ್ಮವರು, ಸೈನಿಕರೂ ಕೂಡ. ಆದರೆ ನನ್ನ ಫಾರಂ ಮೋಜಿಗೆ ಹಿಡಿಯುವವರದ್ದು. ಅಲ್ಲಿ ಯಾರೂ ಮೋಜಿಗೆ ಹಿಡಿಯುತ್ತಿಲ್ಲ. ನಾನು ಎಂಥ ಬರೆಯುವುದು?”

ಮೂರನೆಯ ವಾರದಿಂದ ಹಲಗೆ ಬಿಟ್ಟು ತಂತಿಯ ಬುಟ್ಟಿ ಒಯ್ದರು. ಅಜ್ಜನ ಮಗನಲ್ಲವೇ, ಕೈ ಮರೆತಿರಲಿಲ್ಲ. ನಮ್ಮ ಕಟ್ಟಡದ ಆರು ಮನೆಗಳ ಒಲೆ ಆ ದಿನಗಳಲ್ಲಿ ಉರಿದದ್ದು ಮಾವನ ಮೀನಿನಿಂದ. ಚಿಕ್ಕದನ್ನು ಮಾತ್ರ ಆಗಲೂ ಅಳೆದು ನೀರಿಗೆ ಬಿಟ್ಟು ಬರುತ್ತಿದ್ದರು. ಮೇಲಿನ ಮನೆಯ ಮಲಯಾಳಿ ನರ್ಸ್ ತಲೆ ಚಚ್ಚಿಕೊಂಡಳು.

ಆಮೇಲೆ ಬಸ್ಸುಗಳು ಹೊರಡುತ್ತಿವೆ ಎಂಬ ಸುದ್ದಿ ಬಂತು. ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನ್ ತಲುಪಿದರೆ ಅಲ್ಲಿಂದ ನಮ್ಮ ಸರ್ಕಾರದ ವಿಮಾನ. ನನಗೆ ಆಗ ಐದು ತಿಂಗಳು. ನಾವು ಹೆಸರು ಬರೆಸಿದೆವು. ಮಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ನಾನು ಹೋದ ಮೇಲೆ ಅವಳು ಇಲ್ಲಿಗೆ ಬಂದರೆ?”

“ವಿಮಾನವೇ ಇಲ್ಲ ಮಾವ. ರನ್‌ವೇ ಮೇಲೆ ಟ್ಯಾಂಕು ನಿಂತಿದೆ. ಹೇಗೆ ಬರುತ್ತಾರೆ?”

“ನಿನಗೆ ಅವಳ ಹಟ ಗೊತ್ತಿಲ್ಲ. ಬರ್ತೇನೆ ಅಂತ ಬರೆದಿದ್ದಾಳೆ. ಬಂದು ಬೀಗ ನೋಡಿದರೆ ಎಲ್ಲಿ ಹುಡುಕುವುದು ನನ್ನನ್ನು?”

ನನ್ನ ಗಂಡ ಭೂಪಟ ಬಿಡಿಸಿ ತೋರಿಸಿದರು. ನರ್ಸ್ ಬಂದು ಬುದ್ಧಿ ಹೇಳಿದಳು. ಕೊನೆಗೆ ನಾನೇ ರುಮೈಥಿಯಾದ ಆ ಮನೆಗೆ ಹೋದೆ. ಹೊಸ ಪರದೆ, ತೊಳೆದಿಟ್ಟ ಎರಡು ತಟ್ಟೆ, ಯಾರೂ ಮಲಗದ ಹಾಸಿಗೆ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನೀವು ಬರದಿದ್ದರೆ ನಾನೂ ಹೋಗುವುದಿಲ್ಲ, ಹೆರಿಗೆ ಇಲ್ಲೇ ಆಗಲಿ ಎಂದೆ. ಬೆದರಿಕೆಯೆಂದು ಶುರುಮಾಡಿದವಳಿಗೆ ನಡುವೆ ನಿಜವಾಗಿಯೇ ಅಳು ಬಂತು.

ಮಾವ ನನ್ನ ಹೊಟ್ಟೆಯನ್ನೇ ನೋಡುತ್ತ ನಿಂತರು. ಹನ್ನೊಂದು ವರ್ಷದ ಸರ್ಕಾರಿ ನೌಕರ ಅವರೊಳಗೆ ಎದ್ದು ಕೂತ. “ಮೊಟ್ಟೆ ಹೊತ್ತದ್ದನ್ನು ತಡಮಾಡದೆ ಬಿಡಬೇಕು” ಎಂದು ತಮಗೇ ಹೇಳಿಕೊಂಡರು. “ನಿಯಮ ನಿಯಮವೇ. ಏಳು, ಯಲ್ಲಾ.” ಬಾಗಿಲಿಗೆ ಬೀಗ ಹಾಕಿ, ಕನ್ನಡದಲ್ಲಿ ಒಂದು ಚೀಟಿ ಬರೆದು ಅಂಟಿಸಿದರು: ‘ನಾನು ಊರಿಗೆ ಹೋಗಿದ್ದೇನೆ. ನೀನು ಬಂದರೆ ಇಲ್ಲಿ ನಿಲ್ಲಬೇಡ, ವಾಪಸ್ ಬಾ.’

ದಾರಿಯ ಕಥೆ ಹೇಳುವುದಿಲ್ಲ. ಬಿಸಿಲು, ಬಸ್ಸು, ಮರಳಿನ ಮೇಲೆ ಗುಡಾರ, ರೊಟ್ಟಿಗೆ ಸಾಲು. ಪ್ರತಿ ತನಿಖಾ ಠಾಣೆಯಲ್ಲೂ ಮಾವ ನನ್ನ ಮುಂದೆ ನಿಂತು ಸೈನಿಕರಿಗೆ ನಾನು ಬಸುರಿ ಎಂದು ಅರಬ್ಬಿಯಲ್ಲಿ ಕೂಗಿ ಹೇಳುತ್ತಿದ್ದರು. ಇರಾಕಿನ ಅರ್ಧ ಸೈನ್ಯಕ್ಕೆ ನನ್ನ ತಿಂಗಳು ಗೊತ್ತಾಯಿತು. ಗುಡಾರದಲ್ಲಿ ಒಂದು ರಾತ್ರಿ ಹೇಳಿದರು: “ಅವಳು ಮನೆಯಲ್ಲಿ ಇದ್ದರೆ ಸಾಕು ಮಾರಾಯ್ತಿ. ನನ್ನ ಮೇಲೆ ಸಿಟ್ಟು ಮಾಡಿಕೊಂಡಾದರೂ ಇರಲಿ, ಮನೆಯಲ್ಲಿ ಇದ್ದರೆ ಸಾಕು.”

ಅತ್ತೆ ಮನೆಯಲ್ಲಿ ಇರಲಿಲ್ಲ. ಬೊಂಬಾಯಿಯಲ್ಲೇ ಇದ್ದರು. ವಿಮಾನ ಇಲ್ಲವೆಂದು ಗೊತ್ತಾದ ದಿನ ಎಲ್ಲರೂ ಊರಿಗೆ ಹೋಗು ಅಂದರಂತೆ. ಅವರು ಹೋಗಲಿಲ್ಲ. ಅಂಧೇರಿಯಲ್ಲಿ ಚಿಕ್ಕಮ್ಮನ ಮಗಳ ಖೋಲಿಯಲ್ಲಿ ಉಳಿದು, ಕುವೈತಿನವರ ವಿಮಾನಗಳು ಬರಲು ಶುರುವಾದ ಮೇಲೆ ದಿನವೂ ಬಸ್ಸು ಹಿಡಿದು ಬಂದು, ವಿಮಾನ ನಿಲ್ದಾಣದ ಹೊರಬಾಗಿಲ ಹಗ್ಗದ ಹಿಂದೆ ನಿಲ್ಲುತ್ತಿದ್ದರು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಮಾವ ಅಲ್ಲಿ ಅತ್ತೆಗಾಗಿ, ಅತ್ತೆ ಇಲ್ಲಿ ಮಾವನಿಗಾಗಿ, ಇಬ್ಬರೂ ಕಾಲು ಕೀಳದೆ ಕಾದಿದ್ದರು.

ನಾವು ಬೊಂಬಾಯಿಯಲ್ಲಿ ಇಳಿದದ್ದು ಸೆಪ್ಟೆಂಬರಿನ ಒಂದು ಬೆಳಿಗ್ಗೆ. ಬಾಗಿಲ ಹೊರಗೆ ಜನಸಾಗರ. ಗಡ್ಡ ಬಿಟ್ಟುಕೊಂಡಿದ್ದ ಮಾವ ಚೀಲ ಹೆಗಲಿಗೆ ಹಾಕಿಕೊಂಡು ಮುಂದೆ ಮುಂದೆ ಹೋಗುತ್ತಿದ್ದರು, ಊರಿನ ಬಸ್ಸು ಎಲ್ಲಿ ಸಿಗುತ್ತದೆಂದು ಕೇಳಲು. ಹಿಂದಿದ್ದ ನಾನು ಹಗ್ಗದ ಪಕ್ಕದಲ್ಲಿ ಅತ್ತೆಯನ್ನು ಕಂಡೆ. ನೀಲಿ ಸೀರೆ, ದಪ್ಪ ಕನ್ನಡಕ, ಬೈತಲೆಯಲ್ಲಿ ಬಿಳಿಕೂದಲು. ಮಾವ ಅವರ ಮುಖವನ್ನು ನೋಡಿದರು. ನೋಡಿ, ದಾಟಿಕೊಂಡು ಹೋದರು. ಗುರುತೇ ಹತ್ತಲಿಲ್ಲ. ನಾನು ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಅತ್ತೆ ಹಗ್ಗದ ಕೆಳಗೆ ನುಸುಳಿ ಬಂದು ಹಿಂದಿನಿಂದ ಚೀಲದ ಪಟ್ಟಿ ಹಿಡಿದರು. ಮಾವ ಕೂಲಿಯವನೆಂದುಕೊಂಡು ತಿರುಗದೆಯೇ, “ನಹೀ ಚಾಹಿಯೇ ಭಾಯಿ, ಛೋಡೋ” ಅಂದರು. ಹಿಡಿದ ಕೈ ಬಿಡಲಿಲ್ಲ. ಸಿಟ್ಟಿನಿಂದ ತಿರುಗಿದರು. ತಿರುಗಿದವರು ಹಾಗೆಯೇ ನಿಂತರು. ಹಿಂದಿನವರು ತಳ್ಳುತ್ತಿದ್ದರು.

“ಕನ್ನಡಕ ಯಾವಾಗ ಹಾಕಿದ್ದು?” ಎಂದು ಕೇಳಿದರು ಕೊನೆಗೆ.

“ಎರಡು ವರ್ಷ ಆಯ್ತು.”

“ಬರೆಯಲಿಲ್ಲ ನೀನು.”

“ಬಂದಾಗ ಹೇಗೂ ಕಾಣ್ತೀರಲ್ಲ ಅಂತ ಬರೆಯಲಿಲ್ಲ.”

ಮಾವ ಚೀಲ ನೆಲಕ್ಕಿಟ್ಟರು. ಅಷ್ಟು ಜನರ ನಡುವೆ, ಎರಡೂ ಕೈಗಳಿಂದ ಮೆಲ್ಲಗೆ ಅತ್ತೆಯ ಕನ್ನಡಕ ತೆಗೆದು ಮುಖ ನೋಡಿದರು. ಮತ್ತೆ ಹಾಕಲು ಹೋದರೆ ಕಡ್ಡಿ ಕಿವಿಗೆ ಸಿಕ್ಕಲಿಲ್ಲ. ಅತ್ತೆಯೇ ಸರಿಮಾಡಿಕೊಂಡರು.

“ಇನ್ನು ಏನೇನು ಬರೆಯದೆ ಬಿಟ್ಟಿದ್ದಿ?” ಎಂದು ಕೇಳಿದರು ಮಾವ.

“ತುಂಬಾ ಉಂಟು” ಅಂದರು ಅತ್ತೆ.

ಅದನ್ನೆಲ್ಲ ಕೇಳಿಕೊಂಡು ಮಾವ ಊರಿನಲ್ಲೇ ಉಳಿದಿದ್ದಾರೆ.